ಹರಳು

ಸೋಮವಾರ ಬೆಳಿಗ್ಗೆ ಅಲಾರಾಂ ಆಫ್ ಮಾಡಲು ಬಲಕ್ಕೆ ಹೊರಳಿದೆ. ಅಷ್ಟೇ. ಫ್ಯಾನು, ಕಿಟಕಿ, ಕ್ಯಾಲೆಂಡರು ಎಲ್ಲ ಗಿರ್ರನೆ ತಿರುಗಿದವು. ಮಂಚ ಗಟ್ಟಿಯಾಗಿ ಹಿಡಿದುಕೊಂಡೆ. ಅರ್ಧ ನಿಮಿಷಕ್ಕೆ ನಿಂತಿತು. ಮತ್ತೆ ಹೊರಳಿದೆ, ಮತ್ತೆ ಗಿರ್ರ್.

ಅಮ್ಮ ಪಿತ್ತ ಅಂದಳು. ಭಾವ ಫೋನಿನಲ್ಲೇ ಬಿಪಿ ಅಂದರು. ಭಾವನಿಗೆ ಎಲ್ಲವೂ ಬಿಪಿಯೇ. ಹೋದ ವರ್ಷ ನನ್ನ ಮಂಡಿನೋವಿಗೂ ಅದನ್ನೇ ಹೇಳಿದ್ದರು.

ಡಾಕ್ಟರು ನನ್ನ ಕತ್ತು ಬಲಕ್ಕೆ ತಿರುಗಿಸಿ ದಬಕ್ಕನೆ ಮಲಗಿಸಿದರು. ಕಣ್ಣುಗುಡ್ಡೆ ಕುಣಿಯುವುದನ್ನು ನೋಡಿ, "ಒಳಕಿವೀಲಿ ಹರಳು ಜಾಗ ಬಿಟ್ಟಿದೆ" ಎಂದರು. ಕ್ಯಾಲ್ಸಿಯಂ ಕಾರ್ಬೊನೇಟ್, ಮೊಟ್ಟೆಯ ಚಿಪ್ಪಿನಲ್ಲಿ ಇರುತ್ತಲ್ಲ, ಅದೇ. ಧೂಳಿನಷ್ಟು ಸಣ್ಣ ಹರಳುಗಳು. ಲೋಳೆಯಂಥ ಪದರದ ಮೇಲೆ ಕೂತು, ತಲೆ ಎತ್ತ ವಾಲಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕೆಲವು ಉದುರಿ ಪಕ್ಕದ ಕೊಳವೆಗೆ ಬಿದ್ದರೆ ಅಲ್ಲಿನ ದ್ರವ ಅಲುಗುತ್ತದೆ. ತಲೆ ನಿಂತಮೇಲೂ ತಿರುಗುತ್ತಿದೆ ಅನ್ನೋ ಸುಳ್ಳು ಸುದ್ದಿ ಹೋಗುತ್ತದೆ.

"ಇಷ್ಟು ವರ್ಷ ಅಲ್ಲೇ ಇತ್ತಾ ಡಾಕ್ಟ್ರೇ?" ಅಮ್ಮ ಕೇಳಿದಳು.

"ಹುಟ್ಟಿದಾಗಿಂದ ಅಮ್ಮ."

ಅಮ್ಮ ಸುಮ್ಮನಾದಳು. ಆಮೇಲೆ "ಪಾಪ" ಅಂದಳು.

ಆ ಪಾಪ ಯಾರಿಗೆ? ನನಗಾ, ಹರಳಿಗಾ? ವಾರವಿಡೀ ಇದೇ ಯೋಚನೆ.

ಮಾತ್ರೆ ಕೊಡಲಿಲ್ಲ. ತಲೆಯನ್ನು ಒಂದೊಂದು ಕಡೆ ವಾಲಿಸಿ, ಅರ್ಧರ್ಧ ನಿಮಿಷ ಹಿಡಿದು, ಹರಳನ್ನು ಬಂದ ದಾರಿಗೆ ಕಳಿಸಿದರು. "ತಲೆ ತಿರುಗೋದಕ್ಕೆ ತಲೆ ತಿರುಗಿಸೋದೇ ಔಷಧಿಯಾ?" ಭಾವ ನಕ್ಕರು. ಇದನ್ನು ಕಂಡುಹಿಡಿದ ಅಮೆರಿಕದ ಡಾಕ್ಟರ್ ಜಾನ್ ಎಪ್ಲಿಯವರನ್ನೂ ಮೊದಮೊದಲು ಜೊತೆಯ ವೈದ್ಯರೇ ನಂಬಲಿಲ್ಲ. ಅವರ ಹೆಸರಾಂತ ಪ್ರಬಂಧ ಅಚ್ಚಾಗಿದ್ದು 1992ರಲ್ಲಿ. ಎಲ್ಲ ದೇಶದಲ್ಲೂ ಭಾವಂದಿರು ಇರುತ್ತಾರೆ.

ಕೆಲಸ ಸಿಕ್ಕಾಗಿಂದ ನಾನು ಹೇಳಿಕೊಂಡು ಬಂದದ್ದು ಒಂದೇ ಮಾತು: ನನ್ನ ಕಾಲ ಮೇಲೆ ನಾನು ನಿಂತಿದ್ದೇನೆ. ಅಪ್ಪನ ಜೊತೆ ಜಗಳವಾಡುವಾಗ ಎದೆ ತಟ್ಟಿಕೊಂಡು ಹೇಳಿದ್ದೇನೆ. ನೋಡಿದರೆ ನಿಂತಿದ್ದು ಕಿವಿ ಮೇಲೆ! ನಾನು ಬಸ್ಸಿನಲ್ಲಿ ಕಂಬ ಹಿಡಿದು ತೂಕಡಿಸುವಾಗ, ಕತ್ತಲಲ್ಲಿ ಮೆಟ್ಟಿಲಿಳಿಯುವಾಗ, ಅಪ್ಪನ ಮುಂದೆ ಎಗರಾಡುವಾಗಲೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಕರೆಂಟು ಹೋದಾಗ ಮಾತ್ರ ಲೈನ್‌ಮ್ಯಾನ್ ನೆನಪಾಗುತ್ತಾನಲ್ಲ, ಹಾಗೆ ನನಗೆ ಇದು ನೆನಪಾಗಿದ್ದು ಬಿದ್ದಮೇಲೆ. ಇನ್ನೂ ಏನೇನು ನನ್ನೊಳಗೆ ಹೀಗೆ ಸುಮ್ನೆ ದುಡೀತಿದೆಯೋ!

ನಿನ್ನೆ ಬೆಳಿಗ್ಗೆ ಕಾಫಿ ಕೊಡುತ್ತಾ ಅಮ್ಮ "ಹೇಗಿದೆ?" ಅಂದಳು.

"ಆರಾಮಾಗಿದ್ದೀನಮ್ಮ."

"ನೀನಲ್ವೋ, ಅದು."