ನೀವು ಕೊಟ್ಟ ಬೀಜ ಎರಡೇ ವರ್ಷಕ್ಕೆ ಏಕೆ ಕೆಟ್ಟಿತು?

ಪ್ರತಿ ವರ್ಷ ಮೇ ತಿಂಗಳಲ್ಲಿ, ತುಳುನಾಡಿನ ಪರ್ವದಿನವಾದ ಪತ್ತನಾಜೆಯ ಆಸುಪಾಸಿನಲ್ಲಿ, ತರಕಾರಿ ಬೀಜ ಕೇಳಿಕೊಂಡು ನಮ್ಮ ಮನೆಗೆ ಜನ ಬರುತ್ತಾರೆ. ಹಾಲುಬೆಂಡೆ, ಊರ ಹೀರೆ, ಸಾಂಬಾರು ಸೌತೆ, ಅಲಸಂಡೆ, ಕೆಂಪು ಹರಿವೆ, ಇವೆಲ್ಲ ಅಮ್ಮನ ಕಾಲದಿಂದ ನಮ್ಮ ಹಿತ್ತಿಲಲ್ಲಿ ನಡೆದುಕೊಂಡು ಬಂದವು. ನಮ್ಮ ಕರಾವಳಿಯಲ್ಲಿ ‘ಊರ ತರಕಾರಿ’ ಎನ್ನುವುದನ್ನೇ ಮೈಸೂರಿನ ಕಡೆಯವರು ನಾಟಿ ಎನ್ನುತ್ತಾರೆ, ಧಾರವಾಡದ ಕಡೆಯವರು ಜವಾರಿ ಎನ್ನುತ್ತಾರೆ. ಕೇಳಿದವರಿಗೆಲ್ಲ ಕಾಗದದಲ್ಲಿ ಮಡಚಿ ಕೊಡುತ್ತೇನೆ. ಎರಡು ಮಳೆಗಾಲ ಕಳೆದ ಮೇಲೆ ಅವರಲ್ಲೇ ಕೆಲವರು ಮತ್ತೆ ಬಂದು ಕೇಳುತ್ತಾರೆ: “ಅಕ್ಕ, ಮೊದಲ ವರ್ಷ ಎಷ್ಟು ಚೆನ್ನಾಗಿ ಬಂದಿತ್ತು! ನಾವೇ ತೆಗೆದಿಟ್ಟ ಬೀಜ ಹಾಕಿದರೆ ಆ ಕಾಯಿಯೇ ಬರಲಿಲ್ಲ. ನೀವು ಕೊಟ್ಟ ಬೀಜ ಎರಡೇ ವರ್ಷಕ್ಕೆ ಏಕೆ ಕೆಟ್ಟಿತು?”

ಅಂಗಳದಲ್ಲಿ ನಿಂತು ಹೇಳಿ ಮುಗಿಯುವ ಉತ್ತರವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: “ಬೀಜಕ್ಕೆ ಯಾವ ಕಾಯಿ ಬಿಟ್ಟಿರಿ?” ಹೆಚ್ಚಿನವರ ಉತ್ತರ ಒಂದೇ. “ಕೊಯ್ಯುವಾಗ ಎಲೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ಬಲಿತದ್ದು ಒಂದೆರಡು ಇತ್ತು, ಅದನ್ನೇ ಇಟ್ಟುಕೊಂಡೆವು.” ಇಲ್ಲವೇ, “ಕೊನೆಗೆ ಗಿಡ ಕೀಳುವಾಗ ಉಳಿದಿದ್ದದ್ದು.” ಎಂದರೆ ಒಳ್ಳೆಯ ಕಾಯಿಗಳನ್ನೆಲ್ಲ ಪಲ್ಯ ಮಾಡಿ ತಿಂದು, ಯಾರಿಗೂ ಬೇಡವಾದದ್ದನ್ನು ಮುಂದಿನ ವರ್ಷಕ್ಕೆ ಕಟ್ಟಿಟ್ಟ ಹಾಗಾಯಿತು. ಸೊರಗಿದ ಗಿಡದ ಕೊನೆಯ ಕಾಯಿಯಲ್ಲಿ ಜೊಳ್ಳೇ ಹೆಚ್ಚು; ಮೊಳೆತರೂ ಸಸಿಗೆ ಕಸುವಿರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಊರ ತಳಿ ಎಂದರೆ ಒಂದೇ ಅಚ್ಚಿನಲ್ಲಿ ಎರೆದ ಗಿಡಗಳಲ್ಲ. ಒಂದೇ ಸಾಲಿನಲ್ಲಿ ಒಂದು ಬೇಗ ಕಾಯಿ ಬಿಡುತ್ತದೆ, ಇನ್ನೊಂದು ತಡವಾಗಿ; ಒಂದರ ಕಾಯಿ ಗೇಣುದ್ದವಾದರೂ ಎಳೆಯದಾಗಿಯೇ ಇರುತ್ತದೆ, ಇನ್ನೊಂದರದು ಬೆರಳುದ್ದಕ್ಕೇ ನಾರು ಕಟ್ಟುತ್ತದೆ. ತಿನ್ನಲು ಬಾರದ್ದೇ ಪ್ರತಿ ಸಲ ಬೀಜಕ್ಕೆ ಉಳಿದರೆ, ಗೊತ್ತಿಲ್ಲದೆಯೇ ನಾವು ನಾರನ್ನು ಆರಿಸುತ್ತಾ ಹೋಗುತ್ತೇವೆ.

ಅಮ್ಮ ಕಾಯಿಯನ್ನು ನೋಡುವ ಮೊದಲು ಗಿಡವನ್ನು ನೋಡುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ. ಮೂವತ್ತು ಹಾಲುಬೆಂಡೆ ಗಿಡಗಳಿದ್ದರೆ, ಹೂ ಬಿಡುವ ಹೊತ್ತಿಗೆ ಸಾಲಿನಲ್ಲಿ ದಿನವೂ ಓಡಾಡಿ ಏಳೆಂಟನ್ನು ಗುರುತು ಮಾಡಿಕೊಳ್ಳುತ್ತೇನೆ. ಎಲೆಯ ನರಗಳು ಹಳದಿಗೆ ತಿರುಗುವ ನಂಜು ರೋಗ ತಗುಲಿರಬಾರದು, ಗೆಣ್ಣುಗಳು ಒತ್ತಾಗಿರಬೇಕು, ಬುಡ ಗಟ್ಟಿಯಾಗಿರಬೇಕು. ಆ ಗಿಡದ ಮೊದಲ ಕಾಯಿಯನ್ನು ಅಲ್ಲೇ ಹಸಿಯಾಗಿ ಕಚ್ಚಿ ನೋಡುತ್ತೇನೆ. ರುಚಿ ತಿಳಿಯದೆ ಬೀಜಕ್ಕೆ ಬಿಡುವುದು ಹೇಗೆ? ಮನಸ್ಸಿಗೆ ಬಂದರೆ ಕಾಂಡಕ್ಕೆ ಕೆಂಪು ದಾರ ಕಟ್ಟುತ್ತೇನೆ. ಅಲ್ಲಿಂದ ಮುಂದೆ ಆ ಗಿಡದ ಕಾಯಿ ಮನೆಯವರಿಗಿಲ್ಲ. ಕೊಯ್ಯದೆ ಬಿಟ್ಟರೆ ಬೆಂಡೆ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ, ಅದರ ಶಕ್ತಿಯೆಲ್ಲ ಬೀಜ ಬಲಿಸುವುದಕ್ಕೆ ಹೋಗುತ್ತದೆ. ಆದ್ದರಿಂದ ಒಂದೇ ಗಿಡದಿಂದ ಪಲ್ಯಕ್ಕೂ ಬೀಜಕ್ಕೂ ಎಂದು ಆಸೆ ಪಡಬೇಡಿ. ಹೂ ಬಿಟ್ಟು ಒಂದು ತಿಂಗಳು ಕಳೆದ ಮೇಲೆ ಕಾಯಿ ಒಣಗಿ, ಏಣುಗಳ ಉದ್ದಕ್ಕೆ ಬಿರಿಯತೊಡಗುತ್ತದೆ. ಆಗ ಕೊಯ್ಯಬೇಕು.

ನಮ್ಮ ಮನೆಯ ಮಕ್ಕಳಿಗೆ ಅಕ್ಷರ ಕಲಿಯುವ ಮೊದಲೇ ಕೆಂಪು ದಾರದ ಅರ್ಥ ಗೊತ್ತಿತ್ತು. ಗೊತ್ತಿಲ್ಲದ ನೆಂಟರೊಬ್ಬರು ಒಂದು ಬೆಳಿಗ್ಗೆ ನನಗೆ ಸಹಾಯವಾಗಲೆಂದು ದಾರದ ಗಿಡಗಳ ಕಾಯಿಯನ್ನೆಲ್ಲ ಕೊಯ್ದು ತಂದಿದ್ದರು. ಅವರೆದುರು ಏನೂ ಹೇಳಲಿಲ್ಲ, ಆದರೆ ಆ ದಿನದ ಊಟ ನನಗೆ ರುಚಿಸಲಿಲ್ಲ.

ಒಂದು ಊರು ಹೀಗೆ ಒಂದೇ ಕಾಯಿಯನ್ನು ತಲೆತಲಾಂತರ ಕಾಯ್ದುಕೊಂಡು ಬಂದರೆ ಏನಾಗುತ್ತದೆ ಎಂಬುದಕ್ಕೆ ಉಡುಪಿಯ ಬಳಿ, ಕಟಪಾಡಿಯ ಹತ್ತಿರದ ಮಟ್ಟು ಗ್ರಾಮವೇ ಸಾಕ್ಷಿ. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೀರು, ದುಂಡನೆಯ ಆಕಾರ, ಮುಳ್ಳಿರುವ ತೊಟ್ಟು: ಮಟ್ಟುಗುಳ್ಳವನ್ನು ಒಮ್ಮೆ ನೋಡಿದವರು ಬೇರೆ ಬದನೆಯೊಂದಿಗೆ ಕಲಸಿಕೊಳ್ಳುವುದಿಲ್ಲ. ಇದರ ಬೀಜವನ್ನು ಸೋದೆ ಮಠದ ವಾದಿರಾಜರು ಮಟ್ಟುವಿನವರಿಗೆ ಕೊಟ್ಟರೆಂಬುದು ಪ್ರತೀತಿ. 2011ರಲ್ಲಿ ಇದಕ್ಕೆ, ಈ ಊರಿನದೇ ವಿಶೇಷ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿತು. ಮಾನ್ಯತೆ ಕಾಗದದ ಮೇಲಿನದು. ಕಾಯಿಯನ್ನು ಉಳಿಸಿದ್ದು, ಚೆಂದದ ಗುಳ್ಳವೊಂದನ್ನು ಮಾರದೆ, ತಿನ್ನದೆ, ಹಳದಿಯಾಗುವವರೆಗೆ ಗಿಡದಲ್ಲೇ ಬಿಡುವ ಮನಸ್ಸು. ಮೈಸೂರಿನ ಈರನಗೆರೆ ಬದನೆಯ ಬಗ್ಗೆಯೂ ನನಗೆ ಇದೇ ಗೌರವ.

ಇನ್ನು ಕೆಲವರು ಬೇರೆ ದೂರು ತರುತ್ತಾರೆ. ಒಳ್ಳೆಯ ಕಾಯಿಯನ್ನೇ ಬಿಟ್ಟಿದ್ದರು, ಚೆನ್ನಾಗಿಯೇ ಒಣಗಿಸಿದ್ದರು, ಆದರೂ ಸೌತೆಯ ಆಕಾರ ಬದಲಾಯಿತು, ಸೋರೆ ಗಿಡ್ಡವಾಯಿತು. ಇದು ಜೇನುನೊಣದ ಕೆಲಸ. ಸೌತೆ, ಸೋರೆ, ಹೀರೆಯಂಥ ಬಳ್ಳಿ ತರಕಾರಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನೊಣ ಪಕ್ಕದ ಮನೆಯ ಚಪ್ಪರದಿಂದ ಪರಾಗ ಹೊತ್ತು ತಂದು ನಮ್ಮ ಹೂವಿಗೆ ಮುಟ್ಟಿಸಿದರೆ ಬೀಜ ಬೆರಕೆಯಾಗುತ್ತದೆ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ವಿಷಯವಿದೆ: ಕಾಯಿಯ ತಿರುಳು ಪೂರ್ತಿ ತಾಯಿಗಿಡದ್ದು, ಒಳಗಿನ ಬೀಜ ಮಾತ್ರ ತಂದೆ ತಾಯಿ ಇಬ್ಬರದು. ಆದ್ದರಿಂದ ಬೆರಕೆಯಾದ ವರ್ಷ ಕಾಯಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಣ್ಣ, ರುಚಿ ಎಲ್ಲ ಮೊದಲಿನಂತೆಯೇ. ಆ ಬೀಜ ಬಿತ್ತಿದ ಮುಂದಿನ ವರ್ಷ ಗುಟ್ಟು ಹೊರಬೀಳುತ್ತದೆ. ‘ಮೊದಲ ವರ್ಷ ಸರಿಯಿತ್ತು’ ಎಂಬ ಮಾತಿನ ಒಳಗಿರುವುದು ಇದೇ.

ಎಲ್ಲಕ್ಕೂ ಹೆದರಬೇಕಾಗಿಲ್ಲ. ಅಲಸಂಡೆ, ಅವರೆ, ಟೊಮೆಟೊ ಬಹುಮಟ್ಟಿಗೆ ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ಹೊಸದಾಗಿ ಬೀಜ ಉಳಿಸಲು ಹೊರಟವರು ಇವುಗಳಿಂದಲೇ ಆರಂಭಿಸಲಿ. ಬೆಂಡೆ, ಬದನೆ, ಮೆಣಸಿನಲ್ಲಿ ಬೆರಕೆ ಆಗುವುದುಂಟು. ಹಿತ್ತಿಲಲ್ಲಿ ಒಂದೊಂದೇ ತಳಿ ಬೆಳೆದರೆ ಅರ್ಧ ಗೆದ್ದಂತೆ. ಹರಿವೆಯ ಪರಾಗ ಗಾಳಿಯಲ್ಲಿ ಹಾರುತ್ತದೆ, ಆದ್ದರಿಂದ ಕೆಂಪು ಹರಿವೆಯನ್ನೂ ಹಸಿರು ಹರಿವೆಯನ್ನೂ ಒಟ್ಟಿಗೆ ಹೂ ಬಿಡಲು ಬಿಡಬೇಡಿ. ಮುಳ್ಳುಸೌತೆ ಮತ್ತು ಸಾಂಬಾರು ಸೌತೆ ಪಕ್ಕಪಕ್ಕದಲ್ಲಿದ್ದರೆ ಚಿಂತೆಯಿಲ್ಲ. ಹೆಸರು ಸೌತೆಯಾದರೂ ಸಾಂಬಾರು ಸೌತೆ ಕರಬೂಜದ ಕುಲಕ್ಕೆ ಸೇರಿದ್ದು. ಅದು ಕೂಡುವುದು ಕರಬೂಜ, ಚಿಬ್ಬಡಗಳೊಂದಿಗೆ.

ಹೀರೆಗೆ ನಾನು ಕೈಯಿಂದಲೇ ಪರಾಗ ಮುಟ್ಟಿಸುತ್ತೇನೆ. ಹೀರೆಯ ಹೂ ಸಂಜೆ ಅರಳುತ್ತದೆ. ಆ ದಿನ ಅರಳಲಿರುವ ಮೊಗ್ಗಿನ ತುದಿ ಹಳದಿಯಾಗಿ ಉಬ್ಬಿರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಹೆಣ್ಣು ಮೊಗ್ಗಿಗೂ, ಬೇರೆ ಬಳ್ಳಿಯ ಒಂದೆರಡು ಗಂಡು ಮೊಗ್ಗುಗಳಿಗೂ ಕಾಗದದ ಚೀಲ ಕಟ್ಟುತ್ತೇನೆ. ಬುಡದಲ್ಲಿ ಪುಟ್ಟ ಹೀರೆಕಾಯಿಯಂಥ ಮಿಡಿ ಇದ್ದರೆ ಹೆಣ್ಣು. ದೀಪ ಹಚ್ಚುವ ಹೊತ್ತಿಗೆ ಚೀಲ ಬಿಚ್ಚಿ, ಗಂಡು ಹೂವಿನ ದಳಗಳನ್ನು ಕಿತ್ತು, ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿ ಮತ್ತೆ ಚೀಲ ಕಟ್ಟುತ್ತೇನೆ. ಎರಡು ದಿನ ಬಿಟ್ಟು ಚೀಲ ತೆಗೆದು, ತೊಟ್ಟಿಗೆ ಕೆಂಪು ದಾರ. ಹತ್ತು ನಿಮಿಷದ ಕೆಲಸ. ದಿನದ ಎಲ್ಲ ಕೆಲಸಗಳಲ್ಲಿ ನನಗೆ ಇದೇ ಹೆಚ್ಚು ಪ್ರಿಯ. ಆ ಕಾಯಿ ಬಳ್ಳಿಯಲ್ಲೇ ಒಣಗಿ ಹಗುರವಾಗಿ, ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಕೊಯ್ದು ಹಾಗೆಯೇ ನೇತು ಹಾಕುತ್ತೇನೆ.

ಸೋರೆ, ಮುಳ್ಳುಸೌತೆಗಳ ಬಗ್ಗೆ ಒಂದು ಎಚ್ಚರಿಕೆ. ಬೆರಕೆಯಿಂದಲೋ ಬೇರೆ ಕಾರಣದಿಂದಲೋ ಕೆಲವೊಮ್ಮೆ ಕಹಿ ಕಾಯಿ ಬರುತ್ತದೆ. ಕಹಿ ಸೋರೆ ಬರಿಯ ರುಚಿಯ ಮಾತಲ್ಲ, ಅದು ವಿಷ. ಅದರ ರಸ ಕುಡಿದು ಸತ್ತವರಿದ್ದಾರೆ. ನಾಲಗೆಯ ತುದಿಗೆ ಕಹಿ ತಗುಲಿದರೆ ಉಗುಳಿ, ಕಾಯಿಯನ್ನು ಎಸೆಯಿರಿ, ಆ ಬಳ್ಳಿಯ ಬೀಜವನ್ನು ಯಾರಿಗೂ ಕೊಡಬೇಡಿ.

ಬೀಜ ಕೆಡುವ ಮೂರನೆಯ ದಾರಿ ನಮ್ಮ ಮಳೆ. ಜುಲೈ, ಆಗಸ್ಟಿನಲ್ಲಿ ಬಲಿತ ಬೀಜವನ್ನು ಕರಾವಳಿಯಲ್ಲಿ ಒಣಗಿಸುವುದೆಲ್ಲಿ? ಹಿಂದೆ ಸೌದೆ ಒಲೆಯ ಮೇಲೆ ಕಾಯಿ ತೂಗಿಹಾಕುತ್ತಿದ್ದರು, ಹೊಗೆಯೂ ಬಿಸಿಯೂ ಸೇರಿ ಬೀಜ ಒಣಗುತ್ತಿತ್ತು, ಹುಳವೂ ಮುಟ್ಟುತ್ತಿರಲಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಅದು ನಡೆಯುವುದಿಲ್ಲ. ಅದಕ್ಕೆ ನಾನು ಮಳೆಗಾಲದ ಬೆಳೆಯನ್ನು ತಿನ್ನುವುದಕ್ಕೂ, ದೀಪಾವಳಿ ಕಳೆದ ಮೇಲೆ ಹಾಕಿದ ಬೆಳೆಯನ್ನು ಬೀಜಕ್ಕೂ ಇಟ್ಟುಕೊಂಡಿದ್ದೇನೆ. ಫೆಬ್ರವರಿಯ ಒಣಹವೆಯಲ್ಲಿ ಬೀಜ ತಾನಾಗಿ ಒಣಗುತ್ತದೆ. ನಡು ಮಧ್ಯಾಹ್ನದ ಬಿಸಿಲಿನ ಸಿಮೆಂಟು ಅಂಗಳದಲ್ಲಿ ಮಾತ್ರ ಹರಡಬೇಡಿ; ಬೆಳಗಿನ ಬಿಸಿಲು, ಆಮೇಲೆ ನೆರಳು ಸಾಕು. ಸೌತೆಬೀಜ ಮಡಚಿದರೆ ಬಾಗದೆ ಮುರಿಯಬೇಕು. ಬೆಂಡೆಬೀಜ ಹಲ್ಲಿಗೆ ಸಿಕ್ಕರೆ ಟಕ್ಕೆಂದು ಒಡೆಯಬೇಕು. ಬೀಜದೊಳಗಿನ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಬೀಜ ಶೇಖರಣೆಯವರ ಹಳೆಯ ಲೆಕ್ಕ. ಬೂದಿ ಬೆರೆಸಿ ಇಡುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಬಾಯಲ್ಲಿರಲಿಲ್ಲ, ಕೈಯಲ್ಲಿತ್ತು.

ಟೊಮೆಟೊಗೆ ಬೇರೆ ಉಪಚಾರ. ಅದರ ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ. ರಸದ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ಕೆಳಗೆ ಮುಳುಗಿದ ಬೀಜವನ್ನು ಮಾತ್ರ ಒಣಗಿಸಿ.

ಕೆಲವರ ಬೀಜ ಮೊದಲಿನಿಂದಲೂ ನನ್ನದಾಗಿರುವುದಿಲ್ಲ, ಅಂಗಡಿಯ ಪೊಟ್ಟಣದ್ದು. ಅದರ ಮೇಲೆ ‘ಎಫ್1’ ಎಂದಿದ್ದರೆ ಅದು ಎರಡು ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆ. ಅದರ ಬೀಜ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳೆಲ್ಲ ಚೆದುರಿ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡದ್ದು ಇದನ್ನೇ. 1973ರಲ್ಲಿ ಬೆಂಗಳೂರಿನ ಕಂಪನಿಯೊಂದು ‘ಕರ್ನಾಟಕ’ ಎಂಬ ಹೆಸರಿನ ಹೈಬ್ರಿಡ್ ಟೊಮೆಟೊವನ್ನು ಮಾರುಕಟ್ಟೆಗೆ ತಂದಾಗಿನಿಂದ ನಮ್ಮಲ್ಲಿ ಈ ಬೀಜಗಳ ಕಾಲ ನಡೆದಿದೆ. ಅವುಗಳಿಂದ ಬದುಕು ಕಟ್ಟಿಕೊಂಡ ರೈತರನ್ನು ನಾನು ಎಂದೂ ತಪ್ಪೆನ್ನುವುದಿಲ್ಲ. ಆದರೆ ಸಂಸ್ಥೆಗಳು ಬಿಡುಗಡೆ ಮಾಡಿದ್ದೆಲ್ಲ ಹೈಬ್ರಿಡ್ ಎಂದು ತಿಳಿಯಬೇಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ವಿಕಾಸ್ ಟೊಮೆಟೊಗಳ ಬೀಜವನ್ನು ನೀವೇ ತೆಗೆದು ಮತ್ತೆ ಬಿತ್ತಬಹುದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೆಯ ಸೆಕ್ಷನ್ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬ್ರ್ಯಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಕೊನೆಗೆ, ನನ್ನದೇ ಒಂದು ಕಥೆ ಹೇಳಬೇಕು. ಅಮ್ಮ ತೀರಿಕೊಂಡ ವರ್ಷ ನನಗೆ ಯಾವುದರ ಮೇಲೂ ಗಮನವಿರಲಿಲ್ಲ. ಹಾಲುಬೆಂಡೆಯ ಬೀಜವನ್ನು ಸರಿಯಾಗಿ ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೆ. ಮೇ ತಿಂಗಳಲ್ಲಿ ಬಿಚ್ಚಿದರೆ ಬೂಷ್ಟು ಹಿಡಿದು ಮುದ್ದೆಯಾಗಿತ್ತು. ಬಿತ್ತಿದ ನೂರು ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ಅಮ್ಮನ ಕೈಯಿಂದ ಬಂದದ್ದು ನನ್ನ ಕೈಯಲ್ಲಿ ಮುಗಿಯಿತೆಂದು ಆ ಖಾಲಿ ಏರಿಯ ಮುಂದೆ ಕುಳಿತು ಅತ್ತಿದ್ದೇನೆ. ಹದಿನೈದು ದಿನ ಕಳೆದು ಚಿಕ್ಕಮ್ಮ ಮನೆಗೆ ಬಂದಾಗ ವಿಷಯ ಹೇಳಿದೆ. ಅವರು, “ಅಕ್ಕ ನನಗೆ ಆರು ವರ್ಷದ ಹಿಂದೆ ಕೊಟ್ಟದ್ದು ನನ್ನ ಹಿತ್ತಿಲಲ್ಲಿ ಈಗಲೂ ಇದೆ ಮಗಳೇ” ಎಂದರು. ಮಾರನೆಯ ದಿನ ಬಸ್ಸಿನಲ್ಲಿ ಹೋಗಿ ಒಂದು ಹಿಡಿ ಬೀಜ ತಂದೆ. ತಡವಾಗಿ ಬಿತ್ತಿದರೂ ಬಂದವು. ಮೊದಲ ಕಾಯಿ ಕಚ್ಚಿದಾಗ ಅದೇ ರುಚಿ, ಅದೇ ಮೆದು.

ಅಂದಿನಿಂದ ಬೀಜ ಕೊಡುವಾಗ ಯಾರಿಗೆ ಏನು ಕೊಟ್ಟೆನೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನಲ್ಲಿ ಮತ್ತೊಮ್ಮೆ ತಪ್ಪಿಹೋದರೆ ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಿರಲಿ ಎಂದು. ಆದ್ದರಿಂದ ಬೀಜ ಕೆಟ್ಟಿತೆಂದು ನಾಚಿಕೊಂಡು ಸುಮ್ಮನಿರಬೇಡಿ, ಮತ್ತೆ ಬನ್ನಿ. ಬರುವಾಗ ಮುಚ್ಚಳ ಬಿಗಿಯಾಗಿರುವ ಒಂದು ಸಣ್ಣ ಡಬ್ಬಿ ತನ್ನಿ. ಬೀಜದ ಜೊತೆಗೆ ಒಂದು ಮೊಳ ಕೆಂಪು ದಾರವನ್ನೂ ಕೊಡುತ್ತೇನೆ.