ಬೆಂಗಳೂರಿನ ಮೆಟ್ಟಿಲು ಲೆಕ್ಕ: ಐದನೇ ಭಾನುವಾರದವರೆಗೆ

ಮೈಸೂರಿನ ಭಾವ ನಗುತ್ತಾರೆ. "ನಮ್ಮ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ನಿಮ್ಮೂರಲ್ಲಿ ಏನಯ್ಯಾ ಎಣಿಸ್ತೀಯಾ, ಮೆಟ್ರೋ ಎಸ್ಕಲೇಟರಾ?" ಇರಲಿ. ಭಾನುವಾರ ಬಂದರೆ ನಾನು ಬೆಂಗಳೂರಿನ ಮೆಟ್ಟಿಲು ಎಣಿಸೋಕೆ ಹೊರಡುತ್ತೇನೆ, ಒಂದೊಂದು ಕಡೆಯ ಮೆಟ್ಟಿಲಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಈಗ ಹನ್ನೊಂದು ಸಾಲು ಇವೆ. ಎಲ್ಲವೂ ಕಲ್ಲಿನವು, ಯಾರು ಬೇಕಾದರೂ ಹತ್ತಬಹುದಾದವು. ಸಿಮೆಂಟಿನದ್ದು ಲೆಕ್ಕಕ್ಕಿಲ್ಲ.

ಮೊದಲ ಎರಡು ವಾರ ಮಲ್ಲೇಶ್ವರದಲ್ಲೇ ಕಳೆದವು. ಕಾಡು ಮಲ್ಲೇಶ್ವರನನ್ನು ನೋಡಲು ಮೆಟ್ಟಿಲು ಹತ್ತಬೇಕು. ಎದುರಿನ ನಂದಿ ತೀರ್ಥಕ್ಕೆ ಇಳಿಯಬೇಕು. ಇಲ್ಲಿಗೆ ಸೇರಿದ ಶಾಸನ 1669ರದ್ದು, ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ದೇವರಿಗೆ ಬಿಟ್ಟ ದಾಖಲೆ. ನಂದಿ ತೀರ್ಥ ಮಾತ್ರ ಮಣ್ಣಿನಡಿ ಮುಚ್ಚಿಹೋಗಿತ್ತು, ಹೊರಬಂದಿದ್ದು 1990ರ ದಶಕದ ಕೊನೆಯಲ್ಲಿ. ಅಷ್ಟು ದೊಡ್ಡ ಕಲ್ಯಾಣಿಯೇ ಕಾಣೆಯಾಗುತ್ತೆ ಅಂದಮೇಲೆ ಒಂದೆರಡು ಮೆಟ್ಟಿಲು ಯಾವ ಲೆಕ್ಕ?

ಅಲ್ಲೇ ನನಗೆ ತಲೆಗೆ ಹೊಳೆದಿದ್ದು, ನಾನು ಹುಡುಕುತ್ತಿರುವುದು ಮೆಟ್ಟಿಲಲ್ಲ, ಇಳಿಜಾರು. ಇಳಿಜಾರು ಇದ್ದಲ್ಲಿ ತಾನೇ ಮೆಟ್ಟಿಲು. ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ ನಮ್ಮೂರು. ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ವೃಷಭಾವತಿ ಹುಟ್ಟೋದು ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ಬಸವನಗುಡಿಯವರು, ನಂದಿ ತೀರ್ಥದಲ್ಲಿ ಅಂತ ಮಲ್ಲೇಶ್ವರದವರು. ಜಗಳ ನನಗೆ ಬೇಡ. ಎರಡೂ ಕಡೆ ಬಸವ ಇದ್ದಾನೆ, ಮೆಟ್ಟಿಲೂ ಇದೆ.

ಮೂರನೇ ವಾರ ಗವಿಪುರ. ಜನ ಜಾಸ್ತಿ, ಟೇಪ್ ಹಿಡಿಯೋಕೆ ಆಗಲಿಲ್ಲ.

ನಾಲ್ಕನೇ ವಾರ ಹನುಮಂತನಗರದ ಕುಮಾರಸ್ವಾಮಿ ಗುಡ್ಡ. ಯಾರೋ ಮೆಟ್ಟಿಲು ಪೂಜೆ ಮಾಡಿ ಹೋಗಿದ್ದರು, ಅರಿಸಿನ ಕುಂಕುಮ ಇನ್ನೂ ಹಸಿ. ಎಣಿಸೋಕೆ ಇದಕ್ಕಿಂತ ಸಲೀಸು ಯಾವುದೂ ಇಲ್ಲ! ಆದರೆ ನನ್ನ ಮನಸ್ಸು ನಿಂತಿದ್ದು ಗುಡ್ಡದ ಆಚೆಯ ಒಂದು ಗಲ್ಲಿಯಲ್ಲಿ. ಸ್ಕೂಟರ್ ಹೋಗಲ್ಲ, ಬರೀ ಮೆಟ್ಟಿಲು. ಒಂದೊಂದೂ ಎಂಟೂವರೆ ಇಂಚು ಎತ್ತರ, ಮಂಡಿ ಬೇಡ ಅನ್ನುತ್ತೆ. ಕಲ್ಲಿನ ಅಂಚಿನಲ್ಲಿ ಸಾಲಾಗಿ ಅರ್ಧ ಅರ್ಧ ತೂತುಗಳು, ಕಿರುಬೆರಳು ಕೂರುವಷ್ಟು. ಬಂಡೆಗೆ ಉಳಿಯಿಂದ ಕುಳಿ ಹೊಡೆದು, ಬೆಣೆ ಇಟ್ಟು, ಚಮ್ಮಟಿಗೆಯಿಂದ ಸೀಳಿದ ಗುರುತು ಅದು. ತೂತಿನ ಇನ್ನರ್ಧ ಬೇರೆ ಯಾವ ಮೆಟ್ಟಿಲಲ್ಲಿದೆಯೋ ಅಂತ ಸುಮ್ನೆ ಹತ್ತು ನಿಮಿಷ ಹುಡುಕಿದೆ. ಸಿಗಲಿಲ್ಲ.

ಎಣಿಸಿದೆ, 43. ಕೆಳಗೆ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ತಲೆ ಎತ್ತದೆ, "ನಲವತ್ತೈದು ಕಣಪ್ಪ" ಅಂದರು.

ಮತ್ತೆ ಹತ್ತಿದೆ. 43.

"ಇನ್ನೆರಡು ರೋಡಿನ ಕೆಳಗವೆ. ನಾನು ಮದ್ವೆ ಆಗಿ ಬಂದಾಗ ಅದರ ಮೇಲೇ ಕೂತು ಹೂ ಮಾರ್ತಿದ್ದೆ."

ನಿಜ ಅಲ್ವಾ, ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದರೆ ರಸ್ತೆ ಏರುತ್ತೆ, ಮೆಟ್ಟಿಲು ಮುಳುಗುತ್ತೆ. ನೋಟ್‌ಬುಕ್ಕಿನಲ್ಲಿ 'ಮುಚ್ಚಿದ್ದು' ಅಂತ ಹೊಸ ಕಾಲಂ ಎಳೆದೆ. ಹಳೆಯ ಒಂಬತ್ತು ಸಾಲಿಗೂ ಆ ಕಾಲಂ ಖಾಲಿ ಇದೆ. ಎಲ್ಲ ಕಡೆಗೂ ಮತ್ತೆ ಹೋಗಬೇಕು.

ಐದನೇ ವಾರ ಬೇರೆ ಕಡೆ ಹೋಗುವವನಿದ್ದೆ. ಪೈಪ್ ಹಾಕೋಕೆ ಆ ಗಲ್ಲಿಯ ಬಾಯಲ್ಲಿ ಅಗೆದಿದ್ದಾರೆ ಅಂತ ಗೊತ್ತಾಯ್ತು. ಬೆಳಿಗ್ಗೆ ಆರೂವರೆಗೇ ಹೋಗಿ ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿದೆ. ಡಾಂಬರು ನಾಲ್ಕು ಪದರ, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಕಲ್ಲಿನ ಅಂಚು. ಮಣ್ಣು ಒರೆಸಿದರೆ ಅರ್ಧ ತೂತುಗಳು.

44.

ಅಜ್ಜಿಗೆ ಫೋಟೋ ತೋರಿಸಿದೆ. "ಇದು ಮೇಲಿಂದು. ನಾನು ಕೂರ್ತಿದ್ದದ್ದು ಇದರ ಕೆಳಗಿಂದು" ಅಂದರು. ಮಂಗಳವಾರ ಹೋಗುವಷ್ಟರಲ್ಲಿ ಗುಂಡಿ ಮುಚ್ಚಿದ್ದರು.