ಗೋಪುರದ ಎರಡು ಅಂತಸ್ತು

2025ರ ಆಗಸ್ಟ್ 25, ಸೋಮವಾರ. ಮರುದಿನ ಗೌರಿ ಹಬ್ಬ, ಅದರ ಮರುದಿನ ಗಣಪತಿ. ರಶ್ ಆಗುವ ಮೊದಲೇ ಮುಗಿಸೋಣ ಅಂತ ಧಾರವಾಡದ ನಮ್ಮ ಅಂಚೆ ಕಚೇರಿಗೆ ಬೇಗ ಹೋಗಿದ್ದೆ. ಕೈಚೀಲದಲ್ಲಿ ಮೂರು ಪೊಟ್ಟಣ. ಮೂರೂ ಅಮೆರಿಕಕ್ಕೆ. ಒಂದೊಂದೂ ಅರ್ಧ ಕಿಲೋ ಕೂಡ ತೂಗುವುದಿಲ್ಲ.

ಕೌಂಟರಿನವರು ಆರೇಳು ವರ್ಷದ ಪರಿಚಯ. ತಕ್ಕಡಿಗೆ ಇಡುವ ಮೊದಲೇ ಕೈ ಅಡ್ಡ ಹಿಡಿದರು.

“ಅಕ್ಕಾರ, ಅಮೆರಿಕಾ ಇವತ್ತಿಂದ ಬಂದ್ ಆಗೇತ್ರಿ.”

ಧಾರವಾಡ ಬಂದ್ ಗೊತ್ತು, ಕರ್ನಾಟಕ ಬಂದ್ ಗೊತ್ತು. ಅಮೆರಿಕ ಬಂದ್ ಕೇಳಿದ್ದು ಅದೇ ಮೊದಲು.

“ಕಾಗದ-ಪತ್ರ ತಗೋತೇವ್ರಿ. 100 ಡಾಲರ್ ಒಳಗಿನ ಗಿಫ್ಟ್ ತಗೋತೇವಿ. ಮಾರೂ ಸಾಮಾನು ಇಲ್ರಿ.”

ಹಿಂದೆ ನಿಂತಿದ್ದ ಹಿರಿಯರೊಬ್ಬರು ಉಪಾಯ ಹೇಳಿದರು. “ಗಿಫ್ಟ್ ಅಂತ ಬರದ ಬಿಡ್ರಿ ವೈನಿ, ಯಾರ್ ನೋಡ್ತಾರ?”

ಸುಳ್ಳು ಯಾಕೆ ಹೇಳಲಿ, ಪೆನ್ನು ಕೈಗೆ ಬಂದಿತ್ತು. ಆದರೆ ಗಿರಾಕಿ ದುಡ್ಡು ಕೊಟ್ಟ ಲೆಕ್ಕ ಬ್ಯಾಂಕಿನಲ್ಲಿದೆ. ರಫ್ತಿನ ಕೋಡ್ ನನ್ನ ಪ್ಯಾನ್ ನಂಬರಿನ ಮೇಲಿದೆ. ಪೆನ್ನು ವಾಪಸ್ ಇಟ್ಟೆ. ಅದಕ್ಕೆ ಪ್ರಾಮಾಣಿಕತೆ ಅಂತ ದೊಡ್ಡ ಹೆಸರು ಬೇಡ, ಹೆದರಿಕೆ ಅಷ್ಟೇ. ವಾರ ಕಳೆಯುವುದರೊಳಗೆ ಕಾಗದ, ಗಿಫ್ಟ್ ಎಲ್ಲವೂ ಬಂದ್ ಆದವು, ಆ ಮಾತು ಬೇರೆ.

ನಾವು ಮಾಡುವುದು ಕಸೂತಿ. ನಾನು, ನಮ್ಮ ಕಾಕೂ, ಓಣಿಯ ಇನ್ನು ನಾಲ್ವರು ಹೆಣ್ಣುಮಕ್ಕಳು. ಹಿಂದೆ ಇಳಕಲ್ ಸೀರೆಯ ಮೇಲೆ ಹಾಕುತ್ತಿದ್ದ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನೇ ಈಗ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಮೇಲೆ ಹಾಕಿ ಮೇಜಿನ ಹಾಸು ಮಾಡುತ್ತೇವೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ. ಎಳೆ ಎಣಿಸಬೇಕು. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಜಾಗ ಬಿಟ್ಟು ಬಿಟ್ಟು ಹೋಗುತ್ತದೆ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಗಂಟು ಹಾಕುವುದಿಲ್ಲ. ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಎಲ್ಲೋ ಒಂದು ಎಳೆ ತಪ್ಪಿತೋ, ಮೇಲೆ ಹೋಗುತ್ತಾ ಹೋಗುತ್ತಾ ಗೋಪುರ ಸೊಟ್ಟಗಾಗುತ್ತದೆ. ಆಗ ಬಿಚ್ಚುವುದೊಂದೇ ದಾರಿ.

ಅವತ್ತು ಪೊಟ್ಟಣ ಹೊತ್ತು ಮನೆಗೆ ಬಂದು ಫೋನಿನಲ್ಲಿ ಒಂದೊಂದೇ ಓದಿದೆ. ಅಮೆರಿಕಕ್ಕೆ 800 ಡಾಲರ್ ಒಳಗಿನ ಪೊಟ್ಟಣಗಳು ಸುಂಕವಿಲ್ಲದೆ ಹೋಗುತ್ತಿದ್ದವು. 2016ಕ್ಕೆ ಮೊದಲು ಈ ಮಿತಿ 200 ಇತ್ತಂತೆ. ನಮ್ಮ ಸಾಮಾನು ಅದಕ್ಕೂ ಕೆಳಗೇ. ಹಾಗಾಗಿ ಇಷ್ಟು ವರ್ಷ ಸುಂಕ ಅನ್ನುವ ಪದ ನನಗೂ ಬೇಕಾಗಿರಲಿಲ್ಲ, ನನ್ನ ಗಿರಾಕಿಗಳಿಗೂ ಬೇಕಾಗಿರಲಿಲ್ಲ. ಆ ವಿನಾಯಿತಿ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ರದ್ದು. ಭಾರತದ ಸಾಮಾನಿನ ಮೇಲೆ ಆಗಸ್ಟ್ 7ರಿಂದ ಶೇಕಡಾ 25 ಸುಂಕ ಇತ್ತು. ರಷ್ಯಾದ ಎಣ್ಣೆ ಕೊಳ್ಳುತ್ತೇವೆ ಅಂತ 27ರಿಂದ ಇನ್ನೊಂದು 25. ಸರಿಯಾಗಿ ಗಣೇಶ ಚೌತಿಯ ದಿನ. ಇಷ್ಟೆಲ್ಲ ಸುಂಕ ಯಾರು, ಹೇಗೆ ವಸೂಲಿ ಮಾಡಬೇಕು ಅನ್ನುವುದು ಇತ್ಯರ್ಥ ಆಗಿರಲಿಲ್ಲ. ವಿಮಾನ ಕಂಪನಿಗಳು ಅಂಚೆ ಚೀಲ ಹೊರುವುದಿಲ್ಲ ಅಂದವು. ಹಾಗಾಗಿ ಬಂದ್.

ಕಾಕೂ ಎಲ್ಲ ಕೇಳಿಸಿಕೊಂಡು ಅಂದರು: “ಅಲ್ಲವಾ, ನಾವು ಎಣ್ಣಿ ತಗೊಳ್ಳೋದು ಮೂಲಿ ಅಂಗಡ್ಯಾಗ.”

ನಕ್ಕೆವು. ನಕ್ಕ ಮೇಲೆ ಲೆಕ್ಕದ ವಹಿ ತೆಗೆದೆ. ಮೇಜಿನ ಹಾಸು ಒಂದಕ್ಕೆ ನಾನು ಇಡುವ ಬೆಲೆ 60 ಡಾಲರ್, ಅಂದಾಜು 5,200 ರೂಪಾಯಿ. ಬಟ್ಟೆ, ದಾರ, ಅಂಚು ಹೊಲಿಸುವುದು ಸೇರಿ 650. ಆನ್‌ಲೈನ್ ಅಂಗಡಿಯ ಕಮಿಷನ್, ಬ್ಯಾಂಕಿನ ಕಡಿತ ಸುಮಾರು 600. ಹಾಕಿದವರ ಕೂಲಿ 2,700. ಉಳಿದದ್ದು ನನಗೆ. ಅದರಲ್ಲೇ ಪ್ಯಾಕಿಂಗ್, ಫೋಟೊ, ಮಾರಾಟವಾಗದೆ ಉಳಿದ ಮಾಲು, ಎಲ್ಲ. ಇನ್ನು ಶೇಕಡಾ 50 ಸುಂಕ ಅಂದರೆ 2,600.

ಟಿವಿಯಲ್ಲಿ ಆ ದಿನಗಳಲ್ಲಿ ಅಮೆರಿಕಕ್ಕೆ ಬಟ್ಟೆ, ವಜ್ರ ಕಳಿಸುವ ತಿರುಪ್ಪೂರು, ಸೂರತ್ ತೋರಿಸುತ್ತಿದ್ದರು. ಅವರ ಕಷ್ಟ ದೊಡ್ಡದು, ಸಾವಿರಾರು ಜನರ ಕೆಲಸದ ಪ್ರಶ್ನೆ. ಆದರೂ ಅವರು ಕೊಳ್ಳುವ ಕಂಪನಿಯ ಜೊತೆ ಕೂತು, ನೀವಿಷ್ಟು ಹೊರ್ರಿ ನಾವಿಷ್ಟು ಹೊರ್ತೇವಿ ಅಂತ ಮಾತಾಡಬಹುದು. ನಾನು ಯಾರ ಜೊತೆ ಮಾತಾಡಲಿ? ನನ್ನಲ್ಲಿ ಕೊಳ್ಳುವವರು ಒಂದೇ ಒಂದು ಹಾಸು ಕೊಳ್ಳುವವರು. ಇನ್ನೊಂದು ಸಂಗತಿ ಅವತ್ತೇ ಹೊಳೆದದ್ದು. ಸುಂಕ ಬೀಳುವುದು ಬೆಲೆಯ ಮೇಲೆ. ನಮ್ಮ ಬೆಲೆಯಲ್ಲಿ ಬಟ್ಟೆ-ದಾರ ಎಂಟರಲ್ಲಿ ಒಂದು ಪಾಲು. ಹೆಚ್ಚಿನದು ಎಳೆ ಎಣಿಸಿದ ಹೊತ್ತು. ಮಷಿನ್ನಿನಲ್ಲಿ ಹಾಕಿ 15 ಡಾಲರಿಗೆ ಮಾರುವವನಿಗೆ ಸುಂಕ ಏಳೂವರೆ ಡಾಲರ್. ಕೈಯಲ್ಲಿ ಹಾಕಿದ್ದಕ್ಕೆ 30. ಹೊತ್ತು ಜಾಸ್ತಿ ಹಿಡಿದಷ್ಟೂ ಸುಂಕ ಜಾಸ್ತಿ.

ಕೊರಿಯರ್‌ನಲ್ಲಿ ವಿಚಾರಿಸಿದೆ. ಸಾಗಣೆಯೇ 3,000 ದಾಟಿತು. ಸುಂಕ ಬೇರೆ, ಸುಂಕ ಕಟ್ಟಿಕೊಡುವ ಅವರ ಚಾರ್ಜು ಬೇರೆ. ಫೋನ್ ಇಟ್ಟೆ.

ಗಿರಾಕಿಗಳಿಗೆ ಬರೆದೆ. ಒಹಾಯೊದ ಹೆಂಗಸು ಬೇಸರ ಮಾಡಿಕೊಂಡು, ಚೆನ್ನಾಗಿಯೇ ಮಾತಾಡಿ, ಆರ್ಡರ್ ರದ್ದು ಮಾಡಿದರು. ದುಡ್ಡು ಹಿಂತಿರುಗಿಸಿದೆ. ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ನ್ಯೂಜೆರ್ಸಿಯಲ್ಲಿರುವ ಹುಬ್ಬಳ್ಳಿ ಹುಡುಗಿ ಮಾತ್ರ ಬರೆದಳು: “ಕಾಯ್ತೀನ್ರಿ ಆಂಟಿ. ಸುಂಕ ಅರ್ಧ ನಾ ಕೊಡ್ತೀನಿ.”

ಸೆಪ್ಟೆಂಬರ್ ಪೂರ್ತಿ ನಾನು ಬೆಲೆ ಇಳಿಸುವ ದಾರಿ ಹುಡುಕಿದೆ. ಬಟ್ಟೆಯ ಅಂಗಡಿಯವನು ಇಳಿಸಲಿಲ್ಲ, ಅವನಿಗೂ ಅಮೆರಿಕಕ್ಕೂ ಏನು ಸಂಬಂಧ? ಕಮಿಷನ್ ಇಳಿಯಲಿಲ್ಲ. ಇಳಿಸಲು ಬರುವಂಥದ್ದು ಒಂದೇ ಉಳಿದಿತ್ತು. ಅದನ್ನು ನೇರವಾಗಿ ಹೇಳಲು ನಾಲಿಗೆ ಬರಲಿಲ್ಲ. ಕಾಕೂ ಹತ್ತಿರ ಕೂತು ಸುತ್ತು ಬಳಸಿ ಕೇಳಿದೆ. ಗೋಪುರಕ್ಕೆ ಏಳು ಅಂತಸ್ತು ಯಾಕೆ, ಐದು ಹಾಕಿದರೆ ಮೂರು ದಿನದ ಕೆಲಸ ಉಳಿಯುತ್ತದಲ್ವಾ?

ಅವರು ಸೂಜಿ ನಿಲ್ಲಿಸಲಿಲ್ಲ. “ಮ್ಯಾಲಿನ ಎರಡು ಅಂತಸ್ತು ಅವರಿಗೆ ಸುಂಕ ಕಟ್ಟಲಿಕ್ಕೆ ಕೊಟ್ಟಿ ಅಂಧಾಂಗಾತು.”

ಮತ್ತೆ ಆ ಮಾತು ಎತ್ತಲಿಲ್ಲ. ಬದಲಿಗೆ ಪುಸ್ತಕದಲ್ಲಿ ಗುರುತಿಗೆ ಇಡುವ ಪಟ್ಟಿ ಮಾಡಿದೆವು. ಒಂದೇ ತುಳಸಿಕಟ್ಟೆ, ಎರಡು ಮಧ್ಯಾಹ್ನದ ಕೆಲಸ. ಬೆಂಗಳೂರು, ಪುಣೆಯಲ್ಲಿ ಅವು ಹೋಗುತ್ತಿವೆ. ಕಾಕೂಗೆ ಅವು ಸೇರುವುದಿಲ್ಲ. “ಸ್ಯಾಂಪಲ್” ಅಂತಲೇ ಕರೆಯುತ್ತಾರೆ.

ಅಕ್ಟೋಬರ್ 15ಕ್ಕೆ ಅಂಚೆ ಮತ್ತೆ ಶುರುವಾಯಿತು. ಹೊಸ ಪದ್ಧತಿಯಲ್ಲಿ ಸುಂಕ ಇಲ್ಲೇ, ಪಾರ್ಸೆಲ್ ಕೊಡುವಾಗಲೇ ಕಟ್ಟಬೇಕಿತ್ತು. ಆಗ ಅದು ನಾವು ಬರೆದುಕೊಟ್ಟ ಬೆಲೆಯ ಅರ್ಧ ಇತ್ತು. ಬಾಗಿಲಲ್ಲಿ ಗಿರಾಕಿಯ ಜೊತೆ ತಕರಾರು ಇಲ್ಲ, ಅದೊಂದು ಸಮಾಧಾನ. ನ್ಯೂಜೆರ್ಸಿಯ ಪೊಟ್ಟಣ ಹೋಯಿತು. ದೀಪಾವಳಿಗೆ ಮುಟ್ಟುವ ಹಾಗಿರಲಿಲ್ಲ, ಅವಳಿಗೂ ಗೊತ್ತಿತ್ತು.

ರಸೀದಿ ತಂದು ಮೇಜಿನ ಮೇಲೆ ಇಟ್ಟಿದ್ದೆ. ಕಾಕೂ ಕನ್ನಡಕ ಏರಿಸಿಕೊಂಡು ನೋಡಿದರು. ಸುಂಕದ ಅಂಕಿಯ ಮೇಲೆ ಬೆರಳಿಟ್ಟರು.

“ನನ್ನ ಪಗಾರ ಎಷ್ಟು ಅಂತ ಅವರಿಗೂ ಹೇಳಿಬಿಟ್ಟಿಯೇನು?”

ಉತ್ತರ ಕೊಡದವರ ಪೊಟ್ಟಣ ಇನ್ನೂ ಕಪಾಟಿನಲ್ಲಿದೆ. ಡಾಂಬರ್ ಗುಳಿಗೆ ಎರಡು ಸಲ ಬದಲಿಸಿದ್ದೇನೆ.